ಕಲ್ಲಿಗೆ ನಂಬರು ಹಾಕಿದವನು

ಘಟಪ್ರಭೆಯ ದಂಡೆಯಲ್ಲಿ ಒಂದು ಹಳೆಯ ಕಲ್ಲಿನ ಮಠವಿತ್ತು. ಅಲ್ಲಿ ಇದ್ದವರು ಇಬ್ಬರೇ, ಒಬ್ಬ ಗುರು, ಒಬ್ಬ ಶಿಷ್ಯ.

ಗುರುವಿನ ಹೆಸರು ಅಡವಯ್ಯಜ್ಜ. ವಯಸ್ಸು ಎಂಬತ್ತನಾಲ್ಕು. ಮಾತು ಕಡಿಮೆ. ಹಿತ್ತಿಲಲ್ಲಿ ತಾವೇ ಬೆಳೆಸಿದ ಬದನೆ ಗಿಡಗಳ ಸುದ್ದಿ ಬಂದರೆ ಮಾತ್ರ ನಾಲ್ಕು ಮಾತು ಹೆಚ್ಚು ಆಡುತ್ತಿದ್ದರು.

ಶಿಷ್ಯ ನಿರುಪಾದಿ. ಹಿಂದೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಒಂದು ಸೋಮವಾರ ಅಜ್ಜನ ದರ್ಶನ ಮಾಡಿ ಹೋಗೋಣವೆಂದು ಬಂದ. ಇಪ್ಪತ್ತು ವರ್ಷವಾಯಿತು, ಇನ್ನೂ ಹೋಗಿಲ್ಲ.

ಈ ನಿರುಪಾದಿಗೆ ಒಂದು ಹೆಮ್ಮೆಯಿತ್ತು. ಅಜ್ಜನಿಗೆ ಏನು ಬೇಕು ಎಂಬುದು ತನಗೆ ಕೇಳದೆಯೇ ತಿಳಿಯುತ್ತದೆ ಎಂಬ ಹೆಮ್ಮೆ. ಅಜ್ಜ ಎಡಕ್ಕೆ ನೋಡಿದರೆ ನೀರಿನ ತಂಬಿಗೆ, ಬಲಕ್ಕೆ ನೋಡಿದರೆ ಊರುಗೋಲು. ಗುರುವಿನ ಮನಸ್ಸನ್ನು ಮುಖ ನೋಡಿ ತಿಳಿಯಬೇಕು, ಬಾಯಿಬಿಟ್ಟು ಕೇಳುವವನು ಎಂಥ ಶಿಷ್ಯ ಎಂದು ಊರಿನವರೂ ಅವನನ್ನು ಉಬ್ಬಿಸುತ್ತಿದ್ದರು.

ಹೀಗಿರುವಾಗ ಸರಕಾರದ ನೋಟೀಸು ಬಂತು. ಅಣೆಕಟ್ಟಿನ ಎತ್ತರ ಏರಿಸುತ್ತಾರೆ, ಹಿನ್ನೀರು ಮಠದ ಮೇಲೆ ಬರುತ್ತದೆ, ಎರಡು ವರ್ಷದೊಳಗೆ ಜಾಗ ಬಿಡಬೇಕು.

ನಿರುಪಾದಿ ಅದನ್ನು ಹಿತ್ತಿಲಿಗೆ ಒಯ್ದು ಗಟ್ಟಿಯಾಗಿ ಓದಿದ. ಅಜ್ಜ ಬದನೆ ಗಿಡಕ್ಕೆ ನೀರು ಹಾಕುತ್ತ ಕೇಳಿಸಿಕೊಂಡರು.

"ಹೊಳಿ ಬರಲಿ," ಅಂದರು. ಮುಂದಿನ ಗಿಡಕ್ಕೆ ಹೋದರು.

ಅಷ್ಟೇ. ಆ ಎರಡು ಮಾತಿನಿಂದ ನಿರುಪಾದಿ ತೀರ್ಮಾನ ಮಾಡಿಬಿಟ್ಟ. ಅಜ್ಜಾರು ಏಳುವುದಿಲ್ಲ. ನೀರು ಬಂದರೂ ಇಲ್ಲೇ ಕೂಡುತ್ತಾರೆ.

ಆ ದಿನದಿಂದ ಅವನಿಗೆ ಅನ್ನ ರುಚಿಸಲಿಲ್ಲ. ಊರಿನವರಿಗೆ ಹೇಳಿದ. ಊರಿನವರೂ ಹೌದೌದು ಎಂದು ತಲೆಯಾಡಿಸಿ ಕಣ್ಣೊರೆಸಿಕೊಂಡರು. ಯಾರೊಬ್ಬರೂ ಹಿತ್ತಿಲಿಗೆ ಹೋಗಿ ಅಜ್ಜನನ್ನು ಕೇಳಲಿಲ್ಲ.

ನಿರುಪಾದಿ ಯೋಚನೆ ಮಾಡಿ ಮಾಡಿ ಒಂದು ದಾರಿ ಹುಡುಕಿದ. ಮೂರು ಮೈಲಿ ಆಚೆ ಎತ್ತರದ ದಿನ್ನೆಯಲ್ಲಿ ಮಠಕ್ಕೆ ಹೊಸ ಜಾಗ ಕೊಟ್ಟಿದ್ದರು. ಮಠವನ್ನು ಕಲ್ಲಿಗೆ ಕಲ್ಲು ಬಿಚ್ಚಿ ಅಲ್ಲಿಗೆ ಒಯ್ಯುವುದು. ಇದ್ದ ಹಾಗೆಯೇ ಜೋಡಿಸುವುದು. ಒಂದು ಕಲ್ಲೂ ಆಚೆ ಈಚೆ ಆಗಬಾರದು. ಮಠ ಪೂರ್ತಿ ಎದ್ದು ಹೋದ ಮೇಲೆ ಅಜ್ಜಾರು ಬಯಲಲ್ಲಿ ಕೂತು ಏನು ಮಾಡುತ್ತಾರೆ? ಬರಲೇಬೇಕು.

ಅದೂ ಆಗದಿದ್ದರೆ ಎಂದು ಗರಡಿಮನೆಯ ನಾಲ್ವರು ಪೈಲ್ವಾನರಿಗೂ ಗುಟ್ಟಾಗಿ ಹೇಳಿಟ್ಟಿದ್ದ. ಕೊನೆಯ ದಿನ ಅಜ್ಜನನ್ನು ಕುರ್ಚಿ ಸಮೇತ ಎತ್ತುವುದು.

ಕಲ್ಲು ಎಣಿಸಿದ. ಸಾವಿರದ ಮುನ್ನೂರ ನಲವತ್ತಾರು. ಸುಣ್ಣದ ನೀರಿನಲ್ಲಿ ಒಂದೊಂದಕ್ಕೂ ನಂಬರು ಬರೆದ. ನಸುಕಿನಿಂದ ನಡುರಾತ್ರಿಯವರೆಗಿನ ಕೆಲಸ. ಬೆಳಿಗ್ಗೆ ಎದ್ದು ನೋಡಿದರೆ ಒಂದು ನಂಬರೂ ಇಲ್ಲ.

ಮತ್ತೆ ಬರೆದ. ಮತ್ತೆ ಮಾಯ.

ಮೂರನೆಯ ಸಲ ಕಂಬದ ಹಿಂದೆ ನಿಂತು ಕಾದ. ಬೆಳಗಾಗುವ ಹೊತ್ತಿಗೆ ಅಜ್ಜ ಕೊಡ ಹಿಡಿದು ಬಂದರು. ನಲವತ್ತು ವರ್ಷದಿಂದ ತೊಳೆಯುವ ಹಾಗೆ ಕಟ್ಟೆ, ಮೆಟ್ಟಿಲು, ಗೋಡೆ ಎಲ್ಲ ತಿಕ್ಕಿ ತೊಳೆದರು.

"ಅಜ್ಜಾರ, ನಂಬರು ಅಳಿಸಿ ಹೋದವ್ರಿ."

"ಹೌದು."

"ನೀವ ತೊಳದ್ರಿ."

"ನೀ ಬರದಿ, ನಾ ತೊಳದೆ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡೀವಿ."

ನಿರುಪಾದಿ ಪೇಟೆಗೆ ಹೋಗಿ ಎಣ್ಣೆ ಬಣ್ಣ ತಂದ. ಅಜ್ಜ ತೊಳೆಯುವುದನ್ನು ಬಿಡಲಿಲ್ಲ. ನಂಬರುಗಳು ದಿನದಿನಕ್ಕೆ ಥಳಥಳ ಹೊಳೆಯತೊಡಗಿದವು.

ಇದನ್ನೂ ನಿರುಪಾದಿ ತನ್ನ ಲೆಕ್ಕಕ್ಕೇ ಹಚ್ಚಿಕೊಂಡ. ಅಜ್ಜಾರಿಗೆ ಮಠ ಎತ್ತುವುದು ಮನಸ್ಸಿಲ್ಲ, ಅದಕ್ಕೇ ಅಳಿಸುತ್ತಾರೆ.

ಮಠದ ಭಕ್ತರಲ್ಲಿ ಇಂದಿರಾಬಾಯಿ ಪಟ್ಟಣಶೆಟ್ಟಿ ಎಂಬವರೊಬ್ಬರು. ವಿಜಯಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹನ್ನೊಂದು ಮಂದಿಯ ಗುಂಪು ಕಟ್ಟಿಕೊಂಡು ಈಜಿಪ್ತಿಗೆ ಹೊರಟಿದ್ದರು. ಹೋಗುವ ಮೊದಲು ಮಠಕ್ಕೆ ಬಂದರು.

"ನಿರುಪಾದಿ, ಅಲ್ಲಿ ಮುಳುಗೂ ಗುಡಿನ ಕಲ್ಲಿಗೆ ಕಲ್ಲು ಬಿಚ್ಚಿ ಬ್ಯಾರೆ ನಡುಗಡ್ಡಿಗೆ ಒಯ್ದಾರ. ನಿನ್ನಂಗ ನಂಬರ ಹಾಕಿನ ಒಯ್ದಾರ," ಅಂದರು.

ನಿರುಪಾದಿಗೆ ಜೀವ ಬಂದಂತಾಯಿತು. ಅಜ್ಜಾರು ಅದನ್ನು ಒಮ್ಮೆ ಕಣ್ಣಾರೆ ಕಂಡರೆ ಮನಸ್ಸು ತಿರುಗೀತು ಅನ್ನಿಸಿತು. ಹೆದರುತ್ತ ಹೆದರುತ್ತ ಹಿತ್ತಿಲಿಗೆ ಹೋದ.

"ಅಜ್ಜಾರ, ಬಾಯಾರು ಈಜಿಪ್ತಿಗೆ ಕರಿಯಾಕ ಹತ್ಯಾರ. ಹಡಗದಾಗ ಕುಂತು ಹಳೇ ಗುಡಿ ನೋಡೂದಂತ್ರಿ."

"ಅಲ್ಲಿ ಚಳಿ ಐತೇನು?"

"ಮುಂಜಾನೆ ಸ್ವಲ್ಪ ಐತಂತ್ರಿ."

"ಹಂಗಾರ ಕಂಬಳಿ ತಗೋ."

ಹೀಗೆ ಗುರು ಶಿಷ್ಯರು ನೈಲ್ ನದಿಯ ಮೇಲೆ ಬಂದರು.

ಹಡಗು ಲಕ್ಸರ್‌ನಿಂದ ಹೊರಟು ನದಿಗೆ ಎದುರಾಗಿ ಅಸ್ವಾನಿಗೆ ಹೋಗಬೇಕು. ನಾಲ್ಕು ದಿನದ ದಾರಿ. ಅಜ್ಜ ಮೇಲಿನ ಅಟ್ಟದಲ್ಲಿ ಒಂದು ಬೆತ್ತದ ಕುರ್ಚಿ ಹಿಡಿದರು. ಕಂಬಳಿ ಹೊದ್ದು ದಂಡೆ ನೋಡುತ್ತ ಕೂತರು.

ಖರ್ಜೂರದ ಮರ, ಕಬ್ಬಿನ ಹೊಲ, ಹುಲ್ಲು ಹೊತ್ತ ಕತ್ತೆ, ನೀರಿಗಿಳಿದ ಎಮ್ಮೆ. ಅದರಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಹಳದಿ ಗುಡ್ಡ. ಹೆಂಗಸರು ಪಾತ್ರೆ ತೊಳೆಯುತ್ತ ಕೈ ಎತ್ತಿ ಬೀಸಿದರು. ಅಜ್ಜನೂ ಬೀಸಿದರು.

"ಹೆಂಗನಸತೈತ್ರಿ ಅಜ್ಜಾರ?"

"ನಮ್ಮ ಹೊಳಿನ ಐತಿ. ಮಂದಿ ಬ್ಯಾರೆ ಅಷ್ಟ."

ಅಜ್ಜ ಸುಖವಾಗಿದ್ದರು. ಅದು ಅವರನ್ನು ನೋಡಿದರೆ ಯಾರಿಗಾದರೂ ತಿಳಿಯುವಂತಿತ್ತು. ನಿರುಪಾದಿಗೆ ಅದೂ ಹೆದರಿಕೆಯೇ. ಇಷ್ಟು ನಿಶ್ಚಿಂತೆ ಇರಬೇಕಾದರೆ ಎಲ್ಲ ಬಿಟ್ಟು ಕೂತಿದ್ದಾರೆ ಎಂದೇ ಅರ್ಥ ಅಂದುಕೊಂಡ.

ಮೊದಲ ದಿನದ ದೊಡ್ಡ ಗುಡಿಯಲ್ಲಿ ಕಂಬಗಳು ಆಲದ ಬೊಡ್ಡೆಗಿಂತ ದಪ್ಪ. ನಿರುಪಾದಿ ಚೀಲದಿಂದ ಅಳತೆಯ ಟೇಪು ತೆಗೆದು ಒಂದು ಕಂಬಕ್ಕೆ ಸುತ್ತಿದ. ಕಾವಲುಗಾರ ದೂರದಿಂದಲೇ ಕೂಗಿಕೊಂಡ. ನಿರುಪಾದಿ ಅವಸರದಲ್ಲಿ ಟೇಪು ಸುತ್ತಿ ಚೀಲಕ್ಕೆ ಹಾಕಿದ.

"ಎಷ್ಟು ಬಂತು?" ಅಜ್ಜ ಕೇಳಿದರು.

"ಮೂವತ್ತು ಫೂಟ್ ಮ್ಯಾಲೆ ರೀ."

"ಸಾಕೇನು?"

ನಿರುಪಾದಿ ಚೀಲದ ಬಾಯಿ ಕಟ್ಟಿದ. ಸಾಕು ಅಂದ.

ಹಡಗಿನ ಊಟದಲ್ಲಿ ಸುಟ್ಟ ಬದನೆಕಾಯಿಗೆ ಎಳ್ಳಿನ ಹಿಟ್ಟು ಕಲಸಿ ಮಾಡಿದ ಒಂದು ಚಟ್ನಿ ಇತ್ತು. ಅಜ್ಜ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮತ್ತೆ ಹಾಕಿಸಿಕೊಂಡರು.

"ತಮ್ಮಾ, ಅಡಗಿ ಮಾಡಾವನ ಹಂತ್ಯಾಕ ಹೋಗು. ಈ ಬದನಿಕಾಯಿ ಬೀಜಾ ಸಿಗತೈತೇನು ಕೇಳು."

ಮುಳುಗುವ ಹಿತ್ತಿಲಿಗೆ ಬೀಜ ಕೇಳುತ್ತಾರಲ್ಲ ಎಂದು ನಿರುಪಾದಿಗೆ ಅಳುವೇ ಬಂತು. ಇಂದಿರಾಬಾಯಿಯನ್ನು ಕರೆದುಕೊಂಡು ಹೋಗಿ ಕೇಳಿದ. ಅಡುಗೆಯವನು ನಕ್ಕು, ಮಾರನೆಯ ದಿನ ತನ್ನ ಊರಿನ ದಡದಲ್ಲಿ ಹಡಗು ನಿಂತಾಗ ಒಂದು ಚೀಟಿಯಲ್ಲಿ ಕಟ್ಟಿ ತಂದುಕೊಟ್ಟ.

ಎಸ್ನಾ ಎಂಬಲ್ಲಿ ನದಿಗೆ ಅಡ್ಡ ಒಂದು ಕಟ್ಟೆ. ಹಡಗುಗಳು ಅದರ ಬಾಗಿಲ ಮುಂದೆ ಸರದಿಯಲ್ಲಿ ನಿಲ್ಲಬೇಕು. ನಿಂತದ್ದೇ ತಡ, ಚಿಕ್ಕ ದೋಣಿಗಳಲ್ಲಿ ಬಟ್ಟೆ ಮಾರುವವರು ಸುತ್ತುವರಿದರು. ಕೆಳಗಿನಿಂದಲೇ ಬಟ್ಟೆಯ ಗಂಟನ್ನು ಮೂರನೇ ಅಟ್ಟಕ್ಕೆ ಎಸೆಯುತ್ತಾರೆ. ಬೇಡವಾದರೆ ನಾವು ಕೆಳಗೆ ಎಸೆಯಬೇಕು.

ಒಂದು ನೀಲಿ ಶಾಲು ಬಂದು ಅಜ್ಜನ ತೊಡೆಯ ಮೇಲೆ ಬಿತ್ತು.

ಅಜ್ಜ ಅದನ್ನು ಬಿಚ್ಚಿ ನೋಡಿದರು. ಕಸೂತಿಯ ಮೇಲೆ ಕೈಯಾಡಿಸಿದರು. ನಾಲ್ಕು ಮಡಿಕೆ ಮಾಡಿ ಕೆಳಗೆ ಎಸೆದರು. ದೋಣಿಯವನು ಹಿಡಿದು ಇನ್ನೊಂದು ಎಸೆದ, ಕೆಂಪನೆಯದು. ಅದನ್ನೂ ನೋಡಿದರು, ಮಡಿಸಿದರು, ಎಸೆದರು. ಹೀಗೆ ಏಳೆಂಟು ಸಲ ಆಯಿತು. ದೋಣಿಯವನು ವ್ಯಾಪಾರ ಮರೆತು ನಗತೊಡಗಿದ. ಕೊನೆಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ಮುಂದಿನ ಹಡಗಿಗೆ ಹೋದ.

"ಒಂದರ ತಗೋಬೇಕಿತ್ತಲ್ರಿ," ಅಂದ ನಿರುಪಾದಿ.

"ಎಲ್ಲಾ ತಗೊಂಡೆ," ಅಂದರು ಅಜ್ಜ.

ಹಡಗು ಎರಡು ಬಾಗಿಲುಗಳ ನಡುವಿನ ತೊಟ್ಟಿಗೆ ಹೊಕ್ಕಿತು. ಹಿಂದಿನ ಬಾಗಿಲು ಮುಚ್ಚಿತು. ನೀರು ತುಂಬತೊಡಗಿತು. ಪಕ್ಕದ ಗೋಡೆ ಮೊದಲು ಆಳೆತ್ತರ ಇದ್ದದ್ದು ಎದೆಮಟ್ಟ ಆಯಿತು, ಮೊಣಕಾಲುಮಟ್ಟ ಆಯಿತು, ಆಮೇಲೆ ಇಲ್ಲವಾಯಿತು. ಕಟ್ಟೆಯ ಮೇಲೆ ನಿಂತಿದ್ದ ಮನುಷ್ಯನ ಚಪ್ಪಲಿ ಈಗ ಅಜ್ಜನ ಕಣ್ಣಿಗಿಂತ ಕೆಳಗಿತ್ತು.

"ಯಾವಾಗ ಮ್ಯಾಲ ಬಂದ್ವಿ?"

"ಈಗ ರೀ. ನೋಡಕೋತ ಕುಂತಿದ್ರಲ್ಲ."

"ನನಗ ಗೊತ್ತಾಗಲಿಲ್ಲ. ನೀರು ಏರಿತು, ನಾವೂ ಏರಿದ್ವಿ. ಇದರಾಗ ಅಂಜೂದು ಏನೈತಿ?"

ಒಳ್ಳೆಯ ಮಾತು. ಬೇರೆ ಯಾರಾದರೂ ಆಗಿದ್ದರೆ ಕೇಳಿ ಹಗುರಾಗುತ್ತಿದ್ದರು. ನಮ್ಮ ನಿರುಪಾದಿ ಮಾತ್ರ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಅಜ್ಜಾರಿಗೆ ನೀರಿನ ಅಂಜಿಕೆಯೇ ಇಲ್ಲ, ಇನ್ನು ಇವರನ್ನು ಎಬ್ಬಿಸುವುದು ಹೇಗೆ ಎಂದು ಅವತ್ತಿಡೀ ಲೆಕ್ಕ ಹಾಕುತ್ತ ಕೂತ.

ಇಂದಿರಾಬಾಯಿ ಇದನ್ನೆಲ್ಲ ಗಮನಿಸಿದ್ದರು. ಚಹದ ಕಪ್ಪು ಹಿಡಿದು ಅವನ ಪಕ್ಕಕ್ಕೆ ಬಂದು ಕೂತರು.

"ಅಲ್ಲೋ, ಅಜ್ಜಾರನ್ನ ಒಂದು ಸಲ ಕೇಳಿಬಿಡಬಾರದಾ?"

"ಬಾಯಾರ, ಇಪ್ಪತ್ತು ವರ್ಷ ಅವರ ಜೋಡಿ ಇದ್ದೀನಿ. ಅವರ ಮನಸು ನನಗ ಗೊತ್ತಾಗೂದಿಲ್ಲೇನ್ರಿ?"

ಇಂದಿರಾಬಾಯಿ ಕಾಲೇಜಿನಲ್ಲಿ ಇಂಥ ಹುಡುಗರನ್ನು ಬಹಳ ಕಂಡಿದ್ದರು. ಚಹ ಮುಗಿಸಿ ಎದ್ದುಹೋದರು.

ಕೊಮ್ ಒಂಬೊ ಎಂಬ ಊರಿನ ಗುಡಿ ನದಿಯ ತಿರುವಿನಲ್ಲೇ ಇದೆ. ಆ ಗುಡಿಯ ಅರ್ಧ ಭಾಗ, ಮೊಸಳೆಯ ಮುಖದ ದೇವರದು. ನದಿಯ ಮೊಸಳೆಗೆ ಹೆದರಿ ಹಿಂದಿನವರು ಅದನ್ನೇ ಪೂಜಿಸಿದರಂತೆ ಎಂದು ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಇಂದಿರಾಬಾಯಿ ಅದನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳಿದರು.

ಅಜ್ಜ ಗೋಡೆಯ ಮೇಲಿನ ಮೊಸಳೆಯನ್ನು ಬಹಳ ಹೊತ್ತು ನೋಡಿದರು.

"ಅಂಜಿಕಿ ದೊಡ್ಡದಾದಷ್ಟು ಗುಡಿ ದೊಡ್ಡದು ಕಟ್ಟತಾರ," ಅಂದರು. ನಿರುಪಾದಿಯ ಕಡೆ ತಿರುಗಿದರು. "ನಿಂದು ಎಷ್ಟು ಕಲ್ಲಿಂದು?"

"ಸಾವಿರದ ಮುನ್ನೂರಾ ನಲವತ್ತಾರು ರೀ."

"ಭಾಳ ಆತು," ಅಂದರು ಅಜ್ಜ. ಹೊರಗೆ ಹೋಗಿ ನೆರಳಿನಲ್ಲಿ ಕೂತರು.

ನಾಲ್ಕನೆಯ ದಿನ ಫಿಲೆ, ಕಲ್ಲಿಗೆ ಕಲ್ಲು ಬಿಚ್ಚಿ ಒಯ್ದಾರೆ ಎಂದು ಇಂದಿರಾಬಾಯಿ ಹೇಳಿದ್ದ ಗುಡಿ.

ಅದನ್ನು ನೋಡಲೆಂದೇ ನಿರುಪಾದಿ ಇಷ್ಟು ದೂರ ಬಂದದ್ದು. ಬೆಳಿಗ್ಗೆ ಎದ್ದು ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಎಳೆದುಕೊಂಡು ಸಿದ್ಧನಾಗಿದ್ದ. ಅಸ್ವಾನಿನ ಆಚೆಯ ದಡದಿಂದ ಒಂದು ಮೋಟಾರು ದೋಣಿ ಹತ್ತಬೇಕು. ದೋಣಿ ನಡೆಸುವವನು ಷಾಝ್ಲಿ ಎಂಬ ಮುದುಕ. ಬಿಳಿಯ ನಿಲುವಂಗಿ, ಕಪ್ಪು ಮುಖ, ಬಿಳಿಯ ರುಮಾಲು. ಅಜ್ಜನ ಕೈ ಹಿಡಿದು ಜೋಪಾನವಾಗಿ ಇಳಿಸಿಕೊಂಡ.

ತಿರುವು ದಾಟಿದ ಕೂಡಲೆ ನಡುನೀರಿನಲ್ಲಿ ಗುಡಿ ಕಾಣಿಸಿತು. ಎರಡು ಎತ್ತರದ ಗೋಪುರ, ಉದ್ದಕ್ಕೆ ಕಂಬಸಾಲು, ಸುತ್ತ ಹೂಬಿಟ್ಟ ಗಿಡ. ಗುಂಪಿನವರೆಲ್ಲ ಮಾತು ನಿಲ್ಲಿಸಿದರು. ನಿರುಪಾದಿ ಎದ್ದು ನಿಂತು ಕೈ ಮುಗಿದ.

ನಡುಗಡ್ಡೆಗೆ ಇಳಿದ ಮೇಲೆ ಗೈಡ್ ಹುಡುಗಿ ಕಥೆ ಹೇಳಿದಳು. ಗುಡಿ ಮೊದಲು ಪಕ್ಕದ ಇನ್ನೊಂದು ನಡುಗಡ್ಡೆಯಲ್ಲಿತ್ತು. ಅಣೆಕಟ್ಟು ಬಂದ ಮೇಲೆ ವರ್ಷದ ಬಹುಪಾಲು ಅರ್ಧ ನೀರಲ್ಲೇ ನಿಂತಿರುತ್ತಿತ್ತು. ಆಮೇಲೆ ಇನ್ನೂ ದೊಡ್ಡ ಅಣೆಕಟ್ಟು ಬಂತು. ಆಗ ಸುತ್ತ ಗೋಡೆ ಹಾಕಿ, ನೀರು ತೆಗೆದು, ನಲವತ್ತು ಸಾವಿರ ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ ಇಲ್ಲಿಗೆ ತಂದು ಜೋಡಿಸಿದರು.

"ನಲವತ್ತು ಸಾವಿರ," ಅಂದ ನಿರುಪಾದಿ. ತನ್ನ ಸಾವಿರದ ಮುನ್ನೂರು ಈಗ ಏನೂ ಅಲ್ಲ ಅನ್ನಿಸಿತು.

ಕಲ್ಲಿನ ಸಂದಿಗಳಲ್ಲಿ ಬೆರಳಾಡಿಸಿದ. ಉಗುರೂ ಹೋಗದಂತೆ ಕೂಡಿಸಿದ್ದಾರೆ. ಅಜ್ಜನ ಹತ್ತಿರ ಓಡಿಬಂದ.

"ನೋಡ್ರಿ ಅಜ್ಜಾರ. ಒಂದು ಕಲ್ಲೂ ಆಚೀಚೆ ಆಗಿಲ್ಲ. ಇದು ಅದ ಗುಡಿ ಹೌದಲ್ರಿ?"

ಕಂಬದ ನೆತ್ತಿಯ ಕಲ್ಲಿನ ಹೂವಿನಲ್ಲಿ ಒಂದು ಗುಬ್ಬಿ ಗೂಡು ಕಟ್ಟಿತ್ತು. ಅಜ್ಜ ಅದನ್ನು ತೋರಿಸಿದರು.

"ಅದನ್ನ ಕೇಳು."

"ಅದಕ್ಕೇನ ಗೊತ್ತು ಬಿಡ್ರಿ. ಗುಡಿ ಇಲ್ಲಿಗೆ ಬಂದ ಮ್ಯಾಲ ಹುಟ್ಟಿದ ಗುಬ್ಬಿ ಅದು."

"ಅದಕ್ಕ ಸಂಶಯ ಏನೂ ಇಲ್ಲ," ಅಂದರು ಅಜ್ಜ.

ಕಂಬಗಳ ಮೇಲೆ ತಲೆಗಿಂತ ಎತ್ತರದಲ್ಲಿ ಒಂದು ಗೆರೆ ಇತ್ತು. ಅದರ ಕೆಳಗೆ ಕಲ್ಲಿನ ಬಣ್ಣ ಕಪ್ಪು, ಮೇಲೆ ತಿಳಿ. ಅದು ಹಳೆಯ ಜಾಗದಲ್ಲಿ ನೀರು ನಿಂತ ಗುರುತು ಎಂದು ಇಂದಿರಾಬಾಯಿ ಹೇಳಿದರು. ಅಜ್ಜ ಊರುಗೋಲು ಎತ್ತಿ ಆ ಗೆರೆಗೆ ಮುಟ್ಟಿಸಿದರು.

"ಕಲ್ಲಿನ ಜೋಡಿ ಹೊಳೀನೂ ಬಂದೈತಿ. ಚಲೋ ಮಾಡ್ಯಾರ."

ಚಲೋ ಮಾಡ್ಯಾರ. ಅಜ್ಜನ ಬಾಯಿಂದ ಆ ಮಾತು ಬಂದದ್ದೇ ನಿರುಪಾದಿಯ ಎದೆ ಹಿಗ್ಗಿತು. ಇನ್ನೇನು ನಾನೂ ಬರುತ್ತೇನೆ ಅನ್ನುತ್ತಾರೆ ಎಂದು ಮುಖವನ್ನೇ ನೋಡುತ್ತ ನಿಂತ.

ಅಜ್ಜ ಅನ್ನಲಿಲ್ಲ. ದಂಡೆಯ ಗೋಡೆಯ ಮೇಲೆ ಕೂತರು. ಹಳೆಯ ನಡುಗಡ್ಡೆ ಎಲ್ಲಿತ್ತು ಎಂದು ಕೇಳಿದರು. ಗೈಡ್ ಹುಡುಗಿ ನೀರಿನ ಕಡೆ ಕೈ ಮಾಡಿದಳು. ಅಲ್ಲಿ ಏನೂ ಇರಲಿಲ್ಲ, ಬರೀ ನೀರು. ಅಜ್ಜ ಅತ್ತ ನೋಡುತ್ತ ಕೂತರು. ಐದು ನಿಮಿಷ, ಹತ್ತು ನಿಮಿಷ. ಅವರ ಮುಖದಲ್ಲಿ ದುಃಖವೂ ಇರಲಿಲ್ಲ.

ನಿರುಪಾದಿ ಹಿಂದೆ ನಿಂತು ನೋಡಿದ. ನಲವತ್ತು ಸಾವಿರ ಕಲ್ಲು ತೋರಿಸಿದ್ದಾಯಿತು, ಅಜ್ಜಾರ ಕಣ್ಣು ಮಾತ್ರ ಮುಳುಗಿದ ಜಾಗದ ಮೇಲೇ ಇದೆ. ಇನ್ನು ತೋರಿಸಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

ವಾಪಸು ಬರುವಾಗ ದೋಣಿಯಲ್ಲಿ ಅಜ್ಜ ಮೂತಿಯ ಕಡೆ ಕೂತರು. ನಿರುಪಾದಿ ಹಿಂದೆ, ಷಾಝ್ಲಿಯ ಪಕ್ಕದಲ್ಲಿ. ಅವನ ಮುಖ ನೋಡಿದ ಷಾಝ್ಲಿ ಇಂದಿರಾಬಾಯಿಯನ್ನು ಏನೋ ಕೇಳಿದ. ಮುದುಕನಿಗೆ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು.

"ನಿನಗ ಮೈಯಾಗ ಹುಷಾರಿಲ್ಲೇನು ಅಂತ ಕೇಳಾಕ ಹತ್ಯಾನ," ಅಂದರು ಇಂದಿರಾಬಾಯಿ.

"ಹುಷಾರದೀನ್ರಿ. ನಮ್ಮ ಮಠಾನೂ ಹಿಂಗ ಮುಳಗತೈತಿ ಅಂತ ಹೇಳ್ರಿ."

ಹೇಳಿದರು. ಷಾಝ್ಲಿ ಚುಕ್ಕಾಣಿಯನ್ನು ಕೊಂಚ ತಿರುಗಿಸಿದ. ಆಮೇಲೆ ತನ್ನ ಕಥೆ ಹೇಳಿದ. ಇಂದಿರಾಬಾಯಿ ತುಂಡು ತುಂಡಾಗಿ ಕನ್ನಡ ಮಾಡಿದರು.

ಅವನ ಊರೂ ದೊಡ್ಡ ಅಣೆಕಟ್ಟಿನ ನೀರಿನಡಿ ಹೋಗಿತ್ತು. ಆಗ ಅವನು ಆರು ವರ್ಷದವನು. ಅಪ್ಪ ಮನೆಯ ಬಾಗಿಲು ಕಳಚಿದ, ತೊಲೆ ಇಳಿಸಿದ, ಗೋಡೆಗೆ ಹಚ್ಚಿದ್ದ ಚಿತ್ತಾರದ ತಟ್ಟೆಗಳನ್ನು ಒಂದೂ ಒಡೆಯದಂತೆ ಕಿತ್ತು ಹುಲ್ಲಿನಲ್ಲಿ ಸುತ್ತಿದ. ತಿಂಗಳುಗಟ್ಟಲೆ ಅದೇ ಕೆಲಸ. ಅಪ್ಪನ ಅಪ್ಪ, ಆ ಮನೆಯ ಮುದುಕ, ಹೊರಗೆ ಜಗಲಿಯ ಮೇಲೆ ಕೂತು ನೋಡುತ್ತಿದ್ದ.

"ಮುದುಕ ಊರು ಬಿಡಂಗಿಲ್ಲ ಅಂತ ಎಲ್ಲಾರೂ ತಿಳಕೊಂಡಿದ್ರಂತ," ಅಂದರು ಇಂದಿರಾಬಾಯಿ. "ಕೊನೇ ದಿನ ಇಬ್ಬರು ಬಂದು ಕಂಕಳಿಗೆ ಕೈ ಹಾಕಿ ಎತ್ತಿ ಹಡಗದಾಗ ಇಟ್ಟರಂತ. ಮುದುಕ ಕೈಕಾಲು ಬಡೀಲಿಲ್ಲ. ಮಾತೂ ಆಡಲಿಲ್ಲ. ಹೊಸ ಊರಾಗ ಎರಡು ವರ್ಷ ಇದ್ದು ತೀರಿಕೊಂಡನಂತ."

"ಬರೂದು ಅವನಿಗೆ ಮನಸಿತ್ತೋ ಇಲ್ಲೋ?" ಅಂದ ನಿರುಪಾದಿ.

ಇಂದಿರಾಬಾಯಿ ಕೇಳಿದರು. ಷಾಝ್ಲಿ ತಲೆ ಅಲ್ಲಾಡಿಸಿದ. ಯಾರಿಗೂ ಗೊತ್ತಿಲ್ಲ. ಅಪ್ಪ ಸಾಯುವವರೆಗೆ ಅದೊಂದನ್ನೇ ಹೇಳುತ್ತಿದ್ದ. ತಟ್ಟೆಗಳು ಒಂದೂ ಒಡೆಯಲಿಲ್ಲ, ಆದರೆ ಮುದುಕನನ್ನು ಒಂದು ಮಾತು ಕೇಳಬೇಕಿತ್ತು ಎಂದು.

ದೋಣಿ ನಡುನೀರಿನಲ್ಲಿತ್ತು. ನಿರುಪಾದಿಗೆ ಗರಡಿಮನೆಯ ನಾಲ್ವರು ನೆನಪಾದರು. ನಾಚಿಕೆಯಾಯಿತು. ಅಜ್ಜನ ಬೆನ್ನು ಅವನಿಗೆ ಕಾಣುತ್ತಿತ್ತು, ಕಂಬಳಿ ಹೊದ್ದ ಸಣ್ಣ ಬೆನ್ನು. ಇಪ್ಪತ್ತು ವರ್ಷದಿಂದ ನೋಡಿದ ಬೆನ್ನು. ಅದರೊಳಗೆ ಏನಿದೆ ಎಂಬುದು ತನಗೆ ಗೊತ್ತಿಲ್ಲ ಎಂದು ಮೊದಲ ಸಲ ಅವನಿಗೆ ಅನ್ನಿಸಿತು.

ಎದ್ದ. ಅಲುಗುವ ದೋಣಿಯಲ್ಲಿ ಹಲಗೆ ಹಿಡಿಯುತ್ತ ಮುಂದಕ್ಕೆ ಹೋದ. ಅಜ್ಜನ ಕಾಲ ಬಳಿ ಕೂತ.

"ಅಜ್ಜಾರ."

"ಹೂಂ."

"ಒಂದು ಮಾತು ಕೇಳೂದೈತ್ರಿ."

"ಕೇಳು."

ಎರಡು ಸಲ ಶುರುಮಾಡಿ ಎರಡು ಸಲ ನಿಲ್ಲಿಸಿದ. ಕೊನೆಗೆ ಅಜ್ಜನ ಮುಖ ನೋಡುವುದನ್ನು ಬಿಟ್ಟು, ನೀರು ನೋಡುತ್ತ ಕೇಳಿದ.

"ಮಠ ದಿನ್ನಿ ಮ್ಯಾಲ ಹೋಗತೈತ್ರಿ. ನೀವು ನಮ್ಮ ಜೋಡಿ ಬರತೀರೇನ್ರಿ?"

ಷಾಝ್ಲಿ ಯಂತ್ರದ ವೇಗ ಇಳಿಸಿದ. ದಂಡೆ ಹತ್ತಿರವಾಗುತ್ತಿತ್ತು.

"ನಾ ಬರಂಗಿಲ್ಲ ಅಂತ ಯಾರು ಹೇಳಿದ್ರು ನಿನಗ?" ಅಂದರು ಅಜ್ಜ.

"ನೀವ ರೀ. ಹೊಳಿ ಬರಲಿ ಅಂದ್ರಿ."

"ಹೊಳಿ ಬರಲಿ ಅಂದೆ. ನಾ ಕುಂದರತೀನಿ ಅಂದ್ನೇನು?"

"ಇಲ್ರಿ."

"ಮತ್ತ ಎಂಟು ತಿಂಗಳು ಯಾಕ ಕೇಳಲಿಲ್ಲ?"

ನಿರುಪಾದಿಗೆ ತಡೆಯಲಾಗಲಿಲ್ಲ. ಚಿಕ್ಕ ಹುಡುಗನಂತೆ ಅತ್ತ.

"ಅಂಜಿಕಿ ರೀ ಅಜ್ಜಾರ. ಕೇಳಿದ್ರ, ನೀವು ಒಲ್ಲೆ ಅಂದ್ರ, ಅಲ್ಲಿಗೆ ಮುಗೀತಿತ್ತು. ಕೇಳದಿದ್ರ ಬರತೀರಿ ಅಂತ ಅನಕೊಂಡು ಇರಬೌದಿತ್ತು. ನಂಬರು ಹಾಕಕೋತ ಇರಬೌದಿತ್ತು."

ಅಜ್ಜ ಕಂಬಳಿಯೊಳಗಿಂದ ಕೈ ತೆಗೆದು ಅವನ ತಲೆಯ ಮೇಲಿಟ್ಟರು.

"ಕಲ್ಲಿಗೆ ನಡಿಯಾಕ ಬರಂಗಿಲ್ಲ. ಒಂದೊಂದರ ಹಂತ್ಯಾಕೂ ಹೋಗಿ ಕುಂತಿ, ನೀ ಎಲ್ಲಿ ಹೋಗಬೇಕು, ಯಾರ ಮಗ್ಗಲಾಗ ಕುಂದರಬೇಕು ಅಂತ ಬರದಿ. ನಡಿಯಾಕ ಬರೂ ನನಗ ಏನೂ ಹೇಳಲಿಲ್ಲ."

"ತಪ್ಪಾತ್ರಿ," ಅಂದ ನಿರುಪಾದಿ.

ದೋಣಿ ದಂಡೆಗೆ ತಾಗಿತು. ಷಾಝ್ಲಿ ಹಗ್ಗ ಎಸೆದು, ಇಳಿಸಿಕೊಳ್ಳಲು ಅಜ್ಜನ ಕಡೆ ಕೈ ಚಾಚಿದ. ಅಜ್ಜ ಆ ಕೈ ಹಿಡಿದು ಎದ್ದರು. ಇಳಿಯುವ ಮೊದಲು ಶಿಷ್ಯನ ಕಡೆ ಬಗ್ಗಿದರು.

"ನೋಟೀಸು ಬಂದ ದಿನಾನ ಗಂಟು ಕಟ್ಟಿ ಇಟ್ಟೀನೋ ತಮ್ಮಾ. ಕರಿಯಾಕ ಯಾರೂ ಬರಲಿಲ್ಲ, ಅಷ್ಟ."